ಹಳೇ ಲೀ-ಎನ್‌ಫೀಲ್ಡ್: ನಂಬರ್ ಹೊಂದುವುದೋ, ಪಳಪಳ ಹೊಳೆಯುವುದೋ?

ಬ್ರಿಟಿಷ್ ಸೇನೆಯ ಈ ಹಳೇ .303 ರೈಫಲ್ಲನ್ನು ಕಲಬುರಗಿಯಲ್ಲಿ ಕೊಳ್ಳಹೊರಟವರು ಮೊದಲು ಕಾಗದ ನೋಡಬೇಕು. .303 ನಿಷೇಧಿತ ಬೋರ್ (ನಳಿಕೆಯ ಒಳಅಳತೆ). ಜಿಲ್ಲಾಧಿಕಾರಿ ಕಚೇರಿಯ ಸಾಮಾನ್ಯ ಲೈಸೆನ್ಸ್ ಇದಕ್ಕೆ ಸಾಲದು.

ಎದುರಿಗೆ ಎರಡಿವೆ ಎನ್ನಿ. ಒಂದರ ಮರ ಕಪ್ಪಾಗಿ ಗೀರು ಬಿದ್ದಿದೆ. ಆದರೆ ಬೋಲ್ಟ್ (ತೋಟಾವನ್ನು ಒಳತಳ್ಳಿ ಬಿಗಿಯುವ ಅಗುಳಿ) ಹಿಡಿಯ ಹಿಂಬದಿ, ಅದು ಕೂರುವ ರಿಸೀವರ್, ನಳಿಕೆ, ಮೂತಿಯ ಮರದ ತಳ, ಎಲ್ಲ ಕಡೆ ಒಂದೇ ನಂಬರ್. ಇನ್ನೊಂದು ಹೊಸದರಂತಿದೆ, ಬೋಲ್ಟ್ ನಂಬರ್ ಬೇರೆ. ಮೊದಲನೆಯದನ್ನೇ ಆರಿಸಿ.

ಹೊಳಪೇ ಅನುಮಾನದ ಮೂಲ. ಚಕ್ರಕ್ಕೆ ಹಿಡಿದು ಉಜ್ಜಿದರೆ ಕಿರೀಟದ ಮುದ್ರೆ, ಇಸವಿ ಮಸುಕಾಗಿ ಅಂಚುಗಳು ದುಂಡಗಾಗುತ್ತವೆ. ತುಕ್ಕಿನ ಗುಳಿಯೊಳಗೂ ನೀಲಿ ಬಣ್ಣ ಕೂತಿದ್ದರೆ ಅದು ಮರುಲೇಪ. ಬೇರೆ ಬೋಲ್ಟ್ ಕೂಡಿಸಿದ್ದರೆ ಹೆಡ್‌ಸ್ಪೇಸ್, ಅಂದರೆ ಬೋಲ್ಟ್ ಮುಚ್ಚಿದಾಗ ತೋಟಾ ಕೂರಲು ಉಳಿಯುವ ಜಾಗದ ಅಳತೆ, ಕೆಡಬಹುದು. ಅದನ್ನು ಅಳೆಯುವ ಗೇಜ್ ಹಾಕಿಸಿಯೇ ಮಾತಾಡಿ.

'ಡಿಪಿ' ಮುದ್ರೆ ಇದ್ದರೆ ಅದು ಕವಾಯತಿನದು, ಗುಂಡು ಹಾರಿಸುವುದಕ್ಕಲ್ಲ. ಚೌಕ ಮ್ಯಾಗಜೀನಿನ (ತೋಟಾ ತುಂಬುವ ಡಬ್ಬಿ) ಇಶಾಪುರ 2ಎ1 ನೋಡಲು ಹಾಗೇ ಇದ್ದರೂ ಬೇರೆಯೇ ಬಂದೂಕು, 7.62 ಮಿ.ಮೀ. ಅದನ್ನು .303 ಎಂದು ಕೊಳ್ಳಬೇಡಿ.