ಕ್ಯಾಮ್ ಸೆನ್ಸರ್: ತೊಳೆದು ಹಾಕಿದ ಹಳೆಯದು, ಲೋಕಲ್, ಒರಿಜಿನಲ್

ಕಾರಿನ ದೋಷ ಓದುವ ಸ್ಕ್ಯಾನರ್‌ನಲ್ಲಿ ಪಿ0340 ಕೋಡ್ ಬಂತು ಅಂದರೆ ಗ್ಯಾರೇಜಿನಲ್ಲಿ ಸಿಗುವ ಉತ್ತರ ಒಂದೇ: ‘ಕ್ಯಾಮ್ ಸೆನ್ಸರ್ ಹೋಗಿದೆ ಸಾರ್, ಹೊಸದು ಹಾಕ್ಸಿಬಿಡಿ.’ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್ ಯಾವ ಸ್ಥಾನದಲ್ಲಿದೆ ಅಂತ ತಿಳಿಸುವುದು ಈ ಸೆನ್ಸರ್. ಆದರೆ ಆ ಕೋಡ್ ಹೇಳುವುದು ಅದರ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ ಅಂತ ಮಾತ್ರ. ವೈರ್ ತುಂಡಾಗಿದ್ದರೂ, ಕನೆಕ್ಟರ್ ಒಳಗೆ ಆಯಿಲ್ ಇಳಿದಿದ್ದರೂ ಅದೇ ಕೋಡ್ ಬರುತ್ತದೆ. ನನ್ನ ಹಳೆಯ ಪೆಟ್ರೋಲ್ ಕಾರಿನಲ್ಲಿ ಹಳೆಯದನ್ನೇ ತೊಳೆಯುವುದು, ಲೋಕಲ್ ಹಾಕುವುದು, ಒರಿಜಿನಲ್ ಹಾಕುವುದು, ಮೂರೂ ದಾರಿ ನೋಡಿದ್ದೇನೆ.

ಸೆನ್ಸರ್ ಇರುವುದು ಸಿಲಿಂಡರ್ ಹೆಡ್ ಮೇಲೆ, ಸಾಮಾನ್ಯವಾಗಿ ಕ್ಯಾಮ್‌ಶಾಫ್ಟ್‌ನ ತುದಿಯ ಹತ್ತಿರ. ನನ್ನ ಕಾರಿನಲ್ಲಿ ಗೇರ್‌ಬಾಕ್ಸ್ ಕಡೆ, ಏರ್ ಫಿಲ್ಟರ್ ಪೈಪ್ ಕೆಳಗೆ. ಮೂರು ವೈರಿನ ಕನೆಕ್ಟರ್, 10 ನಂಬರ್ ಬೋಲ್ಟ್ ಒಂದೇ ಒಂದು. ಬೋಲ್ಟ್ ಬಿಚ್ಚಿದ ಮೇಲೆ ಆಚೆ ಈಚೆ ತಿರುಗಿಸುತ್ತಾ ಮೆಲ್ಲಗೆ ಎಳೆಯಬೇಕು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ಪ್ಲಾಸ್ಟಿಕ್ ಮುರಿದು ಒಳಗೇ ಉಳಿದುಬಿಡುತ್ತದೆ.

ತೊಳೆಯುವುದು ಪುಕ್ಕಟೆ ಕೆಲಸ. ಮೂತಿಗೆ ಅಂಟಿದ್ದ ಕಬ್ಬಿಣದ ಪುಡಿ ಒರೆಸಿ, ಕನೆಕ್ಟರಿಗೆ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದೆ. ಬೆಳಗಿನ ಸ್ಟಾರ್ಟ್ ಸರಿಹೋಯಿತು. ಎಂಜಿನ್ ಬಿಸಿಯಾದಾಗ ಮಾತ್ರ ಸೆಲ್ಫ್ ಹೊಡೆಯುತ್ತಲೇ ಇರಬೇಕಾಗಿತ್ತು. ಕ್ಯಾಮ್ ಒಂದು ಸುತ್ತು ಸುತ್ತುವಷ್ಟರಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಮುಗಿಸುತ್ತದೆ ಅಲ್ವಾ? ಪಿಸ್ಟನ್ ಮೇಲೆ ಬಂದಿರುವುದು ಕಂಪ್ರೆಷನ್‌ಗೋ ಎಕ್ಸಾಸ್ಟ್‌ಗೋ ಅಂತ ಕ್ರ್ಯಾಂಕ್ ಸೆನ್ಸರ್ ಒಂದರಿಂದಲೇ ಎಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೆ ಗೊತ್ತಾಗುವುದಿಲ್ಲ. ತಡವಾಗುವುದು ಅಲ್ಲೇ.

ಆಮೇಲೆ ಜೆ.ಸಿ. ರಸ್ತೆಯಿಂದ ಲೋಕಲ್ ಸೆನ್ಸರ್ ತಂದೆ. ಬೆಲೆ ಒರಿಜಿನಲ್‌ನ ಅರ್ಧವೂ ಇಲ್ಲ. ಎರಡನ್ನೂ ಅಂಗೈಯಲ್ಲಿ ಪಕ್ಕಪಕ್ಕ ಇಟ್ಟಾಗ ವ್ಯತ್ಯಾಸ ಕಣ್ಣಿಗೇ ಕಂಡಿತು. ಲೋಕಲ್‌ನ ಓ-ರಿಂಗ್ (ಆಯಿಲ್ ಸೋರದಂತೆ ತಡೆಯುವ ರಬ್ಬರ್ ಉಂಗುರ) ಉಗುರಿಗೆ ಗಟ್ಟಿ, ಅಂಚಿನಲ್ಲಿ ಉಳಿದ ಪ್ಲಾಸ್ಟಿಕ್ ಗೆರೆ, ಕನೆಕ್ಟರ್ ಲಾಕ್ ‘ಟಕ್’ ಅನ್ನುವುದೇ ಇಲ್ಲ. ತಣ್ಣಗಿದ್ದಾಗ ಚೆನ್ನಾಗಿಯೇ ಓಡಿತು. ಎಸಿ ಹಾಕಿಕೊಂಡು ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ನಿಂತಾಗ ಚೆಕ್ ಎಂಜಿನ್ ಲೈಟ್ ಮತ್ತೆ ಬಂತು. ಈ ಸೆನ್ಸರ್ ಒಳಗೆ ಸಣ್ಣ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಇರುತ್ತದೆ. ಅದು ಶಾಖ ತಡೆಯದಿದ್ದರೆ ಎಷ್ಟು ಅಗ್ಗವಾದರೂ ಪ್ರಯೋಜನವಿಲ್ಲ.

ಒರಿಜಿನಲ್ ಹಾಕಿದ ಮೇಲೆ ಆ ತೊಂದರೆ ನಿಂತಿತು. ಬಿಸಿ ಎಂಜಿನ್ ಕೂಡ ಅರ್ಧ ಸೆಲ್ಫಿಗೇ ಸ್ಟಾರ್ಟ್. ನನ್ನ ಓಟು ಇದಕ್ಕೇ. ಆದರೆ ಕಂಪನಿಯ ಅಧಿಕೃತ ಕೌಂಟರ್‌ನಲ್ಲೇ ತೆಗೆದುಕೊಳ್ಳಿ, ಒರಿಜಿನಲ್ ಡಬ್ಬಿಯಲ್ಲಿ ಡೂಪ್ಲಿಕೇಟ್ ಬರುವುದು ಹೊಸತೇನಲ್ಲ. ಹಾಕುವಾಗ ಓ-ರಿಂಗಿಗೆ ಒಂದು ಹನಿ ಎಂಜಿನ್ ಆಯಿಲ್ ಸವರಿ. ಬೋಲ್ಟ್ ಸಣ್ಣದು, ಜಾಸ್ತಿ ಬಿಗಿದರೆ ಬೋಲ್ಟ್ ಕೂರುವ ಸೆನ್ಸರ್ ಕಿವಿ ಸೀಳುತ್ತದೆ.

ಹಾಗಂತ ಮೊದಲೇ ದುಡ್ಡು ಸುರಿಯಬೇಡಿ. ತೊಳೆದು ನೋಡಿ, ಮಲ್ಟಿಮೀಟರ್‌ನಲ್ಲಿ ಸಪ್ಲೈ, ಅರ್ತ್ ಎರಡೂ ಬರುತ್ತಿವೆಯಾ ಪರೀಕ್ಷಿಸಿ. ವಾಲ್ವ್ ಕವರ್ ಗ್ಯಾಸ್ಕೆಟ್ ಸೋರುತ್ತಿದ್ದರೆ ಅದನ್ನು ಮೊದಲು ಹಾಕಿಸಿ, ಇಲ್ಲದಿದ್ದರೆ ಹೊಸ ಕನೆಕ್ಟರಿಗೂ ಆಯಿಲ್ ಇಳಿಯುತ್ತದೆ. ಒರಿಜಿನಲ್ ಹಾಕಿದ ಮೇಲೂ ಪಿ0341 (ಕ್ಯಾಮ್ ಸಿಗ್ನಲ್ ಇದ್ದರೂ ಸರಿಯಿಲ್ಲ) ಅಥವಾ ಪಿ0016 (ಕ್ಯಾಮ್, ಕ್ರ್ಯಾಂಕ್ ಹೊಂದುತ್ತಿಲ್ಲ) ಬಂದರೆ ಇನ್ನೊಂದು ಸೆನ್ಸರ್ ತರಬೇಡಿ, ಟೈಮಿಂಗ್ ಚೈನ್ ಸಡಿಲವಾಗಿದೆಯಾ ಅಂತ ನೋಡಿಸಿ.