ಹಳೇ ಕಾಂಪೌಂಡಿಗೆ ಸಿಮೆಂಟ್ ಪೇಂಟ್: ನೀರು ಕುಡಿಸುವವರಿಗೆ ಮಾತ್ರ

ಮಳೆ ಬಿಸಿಲಿಗೆ ಮೈ ತರಕಲಾದ ಕಾಂಪೌಂಡ್, ಪ್ಯಾರಪೆಟ್, ಸಜ್ಜಾಗಳಿಗೆ ಕಡಿಮೆ ಖರ್ಚಿನಲ್ಲಿ ಬಳಿಯಲು ಪುಡಿ ಸಿಮೆಂಟ್ ಪೇಂಟೇ ಸರಿ. ಯಾವ ಕಂಪನಿಯದ್ದಾದರೂ ಅಂಗಡಿಯಲ್ಲಿ ಜನ ಕೇಳುವುದು ‘ಸ್ನೋಸೆಂ’ ಅಂತಲೇ. ಬಿಳಿ ಸಿಮೆಂಟೇ ಇದರ ಮೂಲ. ಹಾಗಾಗಿ ಎಮಲ್ಷನ್‌ನಂತೆ ಮೇಲೆ ಪೊರೆಯಾಗಿ ಕೂರದೆ ಗಾರೆಯನ್ನೇ ಕಚ್ಚಿಕೊಂಡು ಗಟ್ಟಿಯಾಗುತ್ತದೆ. ಬುಡದಿಂದ ತೇವ ಏರುವ ಕಾಂಪೌಂಡಿನಲ್ಲಿ ಎಮಲ್ಷನ್ ಗುಳ್ಳೆ ಎದ್ದು ಸುಲಿಯುತ್ತದೆ, ಇದರಲ್ಲಿ ಆ ತೇವ ಆರಿಹೋಗಲು ದಾರಿ ಇರುತ್ತದೆ.

‘ಆರು ತಿಂಗಳಿಗೇ ಕೈಗೆ ಪುಡಿ ಅಂಟುತ್ತೆ’ ಎಂಬ ದೂರು ಸುಳ್ಳಲ್ಲ. ಆದರೆ ಹೆಚ್ಚಿನ ಕಡೆ ತಪ್ಪು ಪುಡಿಯದ್ದಲ್ಲ, ನೀರಿನದ್ದು. ಒಣ ಗೋಡೆಗೆ ಬಳಿದರೆ ಬಣ್ಣದಲ್ಲಿರುವ ನೀರನ್ನು ಗೋಡೆ ಕ್ಷಣದಲ್ಲಿ ಹೀರಿಬಿಡುತ್ತದೆ. ನೀರಿಲ್ಲದೆ ಸಿಮೆಂಟ್ ಸೆಟ್ ಆಗದು, ಬರೀ ಪುಡಿಯಾಗಿ ಉಳಿಯುತ್ತದೆ. ಅದಕ್ಕೇ ಬಳಿಯುವ ಮೊದಲು ಗೋಡೆಯನ್ನು ಚೆನ್ನಾಗಿ ನೆನೆಸಿ, ಮೇಲಿನ ನೀರು ಇಳಿದು ಮೈ ಇನ್ನೂ ತೇವವಾಗಿರುವಾಗಲೇ ಬ್ರಷ್ ಹಿಡಿಯಬೇಕು. ಬಿಸಿಲು ಬೀಳುವ ಗೋಡೆಯನ್ನು ನೆರಳು ಬಂದ ಮೇಲೆ ಮುಟ್ಟಿ. ಬಳಿದು 12 ಗಂಟೆಯಾದ ಮೇಲೆ ದಿನಕ್ಕೆ ಎರಡು ಮೂರು ಸಲ ಸಣ್ಣಗೆ ನೀರು ಸಿಂಪಡಿಸಿ, ಇದೇ ಕ್ಯೂರಿಂಗ್. ಎರಡು ಕೋಟ್ ನಡುವೆ 24 ಗಂಟೆ ಬಿಡಿ, ಕೊನೆಯ ಕೋಟಿನ ನಂತರವೂ ಎರಡು ದಿನ ಕ್ಯೂರಿಂಗ್ ತಪ್ಪಿಸಬೇಡಿ. ಗುತ್ತಿಗೆಗೆ ಕೊಟ್ಟಾಗ ಮೊದಲು ಕೈಬಿಟ್ಟು ಹೋಗುವ ಕೆಲಸ ಇದೇ, ಪೈಪು ನೀವೇ ಹಿಡಿಯುವುದು ಒಳ್ಳೆಯದು.

ಹಳೇ ಗೋಡೆಯಾದರೆ ಮೊದಲು ಒಂದು ಚೊಂಬು ನೀರು ಎರಚಿ ನೋಡಿ. ಹೀರಿಕೊಂಡರೆ ಸರಿ. ಹನಿಗಟ್ಟಿ ಜಾರಿದರೆ ಮೇಲೆ ಎಮಲ್ಷನ್ನೋ ಆಯಿಲ್ ಪೇಂಟೋ ಇದೆ ಎಂದೇ ಎಣಿಸಿ. ಅದರ ಮೇಲೆ ಇದು ನಿಲ್ಲುವುದಿಲ್ಲ. ಸುಣ್ಣ, ಡಿಸ್ಟೆಂಪರ್ ಇದ್ದರೂ ಗಾರೆ ಕಾಣುವವರೆಗೆ ಕೆರೆಯಲೇಬೇಕು. ಪಾಚಿಗೆ ಬ್ಲೀಚಿಂಗ್ ಪುಡಿ ಕಲಸಿದ ನೀರು ಹಚ್ಚಿ, ತಂತಿ ಬ್ರಷ್‌ನಲ್ಲಿ ಉಜ್ಜಿ, ಚೆನ್ನಾಗಿ ತೊಳೆಯಿರಿ. ಬಿಳಿ ಉಪ್ಪು ಎದ್ದಿದ್ದರೆ ಮಾತ್ರ ಮೊದಲು ಒಣಗಿದ್ದಾಗಲೇ ಉಜ್ಜಿ ತೆಗೆಯಿರಿ, ನೀರು ಹಾಕಿದರೆ ಉಪ್ಪು ಕರಗಿ ಮತ್ತೆ ಒಳಗೆ ಸೇರುತ್ತದೆ. ಬಿರುಕು, ಗುಂಡಿಗಳನ್ನು ಗಾರೆಯಿಂದ ಮುಚ್ಚಿ, ಅದು ಗಟ್ಟಿಯಾಗುವವರೆಗೆ ಕಾಯಿರಿ.

ಕಲಸುವಾಗ ನೀರಿಗೆ ಪುಡಿ ಹಾಕುತ್ತಾ ಗಂಟಿಲ್ಲದ ಗಟ್ಟಿ ಪೇಸ್ಟ್ ಮಾಡಿ, ಆಮೇಲೆ ತೆಳು ಮಾಡಿಕೊಳ್ಳಿ. ಒಟ್ಟಾರೆ ಒಂದು ಡಬ್ಬಿ ಪುಡಿಗೆ ಒಂದು ಡಬ್ಬಿ ನೀರು. ಒಂದು ಗಂಟೆಯೊಳಗೆ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗುತ್ತಾ ಬಂದದ್ದಕ್ಕೆ ಮತ್ತೆ ನೀರು ಬೆರೆಸಿ ಬಳಿದರೆ ಅದು ಉದುರುತ್ತದೆ. ಬಕೆಟ್ ತಳದಲ್ಲಿ ಪುಡಿ ಕೂರುವುದರಿಂದ ಆಗಾಗ ಕಲಕದಿದ್ದರೆ ಗೋಡೆ ತುಂಬ ಪಟ್ಟೆ ಕಾಣುತ್ತದೆ.

ಕೇಂದ್ರ ಲೋಕೋಪಯೋಗಿ ಇಲಾಖೆಯ ಲೆಕ್ಕದಂತೆ ಹೊಸ ಮೈಗೆ ಎರಡು ಕೋಟ್ ಬಳಿಯಲು 10 ಚದರ ಮೀಟರಿಗೆ 3.84 ಕೆಜಿ ಪುಡಿ. 100 ಅಡಿ ಉದ್ದ, 5 ಅಡಿ ಎತ್ತರದ ಕಾಂಪೌಂಡಿನ ಎರಡೂ ಬದಿಗೆ ಸುಮಾರು 36 ಕೆಜಿ. ಗಾರೆ ತೀರಾ ಸವೆದಿದ್ದರೆ ಇನ್ನಷ್ಟು ಕುಡಿಯುತ್ತದೆ.

ಪೋರ್ಟಿಕೋ ನೆಲಕ್ಕೆ, ಮೆಟ್ಟಿಲಿಗೆ ಇದು ಬೇಡ, ಓಡಾಟಕ್ಕೆ ಸವೆದು ಹೋಗುತ್ತದೆ. ಅಲ್ಲಿಗೆ ಫ್ಲೋರ್ ಪೇಂಟೇ ಆಗಬೇಕು. ಕೊಳ್ಳುವಾಗ ಚೀಲದ ಮೇಲೆ ಐಎಸ್ 5410 (ಸಿಮೆಂಟ್ ಪೇಂಟಿನ ಭಾರತೀಯ ಮಾನಕ) ಗುರುತು, ತಯಾರಾದ ತಿಂಗಳು ನೋಡಿ, ಮೂಲೆಗಳನ್ನು ಒತ್ತಿ ನೋಡಿ. ಒಳಗೆ ಗಟ್ಟಿ ಗಂಟು ಸಿಕ್ಕರೆ ತೇವ ತಗುಲಿದೆ ಎಂದರ್ಥ, ಬೇರೆ ಚೀಲ ಕೇಳಿ.