ಅಮ್ಮನ ಮೊಸರಿನ ಡಬ್ಬಿಗೆ 50 ಡಾಲರ್

ಊರಿಂದ ಅಪ್ಪ ಅಮ್ಮ ಬಂದಿದ್ದಾರೆ, ಲಾಸ್ ವೇಗಸ್ ತೋರಿಸಿಕೊಂಡು ಬರೋಣ ಅಂತ ಹೊರಟಿರುವವರು ಇದನ್ನು ಓದಿಕೊಂಡು ಹೋಗಿ. 2024ರ ಡಿಸೆಂಬರ್‌ನಲ್ಲಿ ನಾವು ಕ್ಯಾಲಿಫೋರ್ನಿಯಾದಿಂದ ಕಾರಲ್ಲಿ ಹೋಗಿದ್ದೆವು. ಅಲ್ಲಿನ ಸ್ಟ್ರಿಪ್ ರಸ್ತೆಯಲ್ಲಿ ಪ್ಯಾರಿಸ್, ವೆನಿಸ್, ನ್ಯೂಯಾರ್ಕ್ ಅಂತ ಊರಿಗೆ ಊರನ್ನೇ ನಕಲು ಮಾಡಿ ಕಟ್ಟಿದ ಕ್ಯಾಸಿನೊ ಹೋಟೆಲುಗಳಿವೆ. ಅಂಥದ್ದೇ ಒಂದರಲ್ಲಿ ಎರಡು ರಾತ್ರಿ ಇದ್ದೆವು. ಯಾವುದು ಅಂತ ಹೇಳಲ್ಲ.

ಬಾಡಿಗೆ ದಿನಕ್ಕೆ 79 ಡಾಲರ್ ಅಂತ ನೋಡಿ ಖುಷಿಯಲ್ಲಿ ಬುಕ್ ಮಾಡಿದ್ದೆ. ಕೌಂಟರಿನಲ್ಲಿ ನಿಂತಾಗ ರೆಸಾರ್ಟ್ ಫೀ ದಿನಕ್ಕೆ 50 ಡಾಲರ್ ಹತ್ತಿರ, ಅದರ ಮೇಲೂ ಟ್ಯಾಕ್ಸು, ಕಾರು ನಿಲ್ಲಿಸೋದಕ್ಕೆ ಬೇರೆ. ಈ ರೆಸಾರ್ಟ್ ಫೀ ವೈಫೈಗೆ, ಜಿಮ್‌ಗೆ ಅಂತೆ. ನಮ್ಮಪ್ಪ ಜಿಮ್‌ಗೆ ಹೋಗೋರಲ್ಲ ಅಂದರೆ ಕೇಳ್ತಾರಾ? 2025ರ ಮೇ ತಿಂಗಳಿಂದ ಇಂಥ ಕಡ್ಡಾಯ ಫೀ ಸೇರಿಸಿಯೇ ಬೆಲೆ ತೋರಿಸಬೇಕು ಅಂತ ಅಮೆರಿಕದಲ್ಲಿ ನಿಯಮ ಬಂದಿದೆ, ಆದರೆ ಫೀ ಹೋಗಿಲ್ಲ, ಮೊದಲೇ ಕಾಣುತ್ತೆ ಅಷ್ಟೇ.

ಡೆಪಾಸಿಟ್ ಕೇಳಿದಾಗ ಅಪ್ಪ, "ಇರಲಿ ಬಿಡೋ, ನಾನೇ ಕೊಡ್ತೀನಿ" ಅಂತ ತಮ್ಮ ಫಾರೆಕ್ಸ್ ಕಾರ್ಡ್, ಅಂದರೆ ಮೊದಲೇ ಡಾಲರ್ ತುಂಬಿಸಿಕೊಂಡು ತಂದಿದ್ದ ಕಾರ್ಡ್, ಕೊಟ್ಟುಬಿಟ್ಟರು. 200 ಡಾಲರ್ ಅದರಲ್ಲಿ ಸಿಕ್ಕಿಹಾಕಿಕೊಂಡಿತು. ಆ ದುಡ್ಡು ವಾಪಸ್ ಬರೋ ಹೊತ್ತಿಗೆ ಅವರು ಹಾಸನ ಸೇರಿ ವಾರವಾಗಿತ್ತು. ಡೆಪಾಸಿಟ್‌ಗೆ ಕ್ರೆಡಿಟ್ ಕಾರ್ಡೇ ಕೊಡಿ.

ಇನ್ನು ಮೊಸರು. ಅಮ್ಮ ಮನೆಯಲ್ಲೇ ಹೆಪ್ಪು ಹಾಕಿದ ಮೊಸರನ್ನು ಡಬ್ಬಿಯಲ್ಲಿ ತಂದಿದ್ದರು, ಹೊರಗೆ ಏನೂ ಸೇರದಿದ್ದರೆ ಮೊಸರನ್ನವಾದರೂ ಆಗುತ್ತೆ ಅಂತ. ರೂಮಿನ ಫ್ರಿಜ್ ತುಂಬಾ ಹೋಟೆಲಿನವರು ಮಾರೋದಕ್ಕೆ ಇಟ್ಟ ಬಾಟಲಿಗಳು, ಜಾಗವಿಲ್ಲ. ಪಾಪ, ಅವರು ನಾಲ್ಕು ಬಾಟಲಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟು, ಡಬ್ಬಿ ಒಳಗಿಟ್ಟು, ಬೆಳಿಗ್ಗೆ ಮತ್ತೆ ಬಾಟಲಿಗಳನ್ನು ಇದ್ದ ಜಾಗದಲ್ಲೇ ಜೋಡಿಸಿ, ಫ್ರಿಜ್ಜನ್ನು ಒರೆಸಿಯೂ ಬಿಟ್ಟಿದ್ದಾರೆ. ಬಾಟಲಿಗಳ ಕೆಳಗೆ ಸೆನ್ಸರ್ ಇರುತ್ತೆ ಅಂತ ಯಾರಿಗೆ ಗೊತ್ತು! ಎತ್ತಿ ಸ್ವಲ್ಪ ಹೊತ್ತು ಹೊರಗಿಟ್ಟರೆ ಕುಡಿದ ಲೆಕ್ಕ. ಬಿಲ್ಲಿನಲ್ಲಿ ನಾಲ್ಕು ಬಾಟಲಿ, ಅದರಲ್ಲಿ ಎರಡು ಬಿಯರ್, ಜೊತೆಗೆ ನಮ್ಮ ಸಾಮಾನು ಫ್ರಿಜ್ಜಿನಲ್ಲಿ ಇಟ್ಟಿದ್ದಕ್ಕೆ 50 ಡಾಲರ್. ಅಮ್ಮನ ಹೆಸರಲ್ಲಿ ಬಿಯರ್ ಬಿಲ್ಲು ನೋಡಿ ಅಪ್ಪ ನಕ್ಕರು, ನನಗೆ ನಗು ಬರಲಿಲ್ಲ.

ಅರ್ಧ ಗಂಟೆ ವಾದ ಮಾಡಿದ ಮೇಲೆ ಒಬ್ಬರನ್ನು ಕಳಿಸಿ ನೋಡಿಸಿ ಬಾಟಲಿ ದುಡ್ಡು ತೆಗೆದರು. ಮೊಸರಿನ 50 ಮಾತ್ರ ಬಿಡಲಿಲ್ಲ, ಫ್ರಿಜ್ ಪಕ್ಕದ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದೆಯಂತೆ. ಹೌದು, ಬರೆದಿತ್ತು.

ಹಾಗಾಗಿ ಬಿಲ್ಲನ್ನು ಹೊರಡೋ ಮುಂಚೆ ಕೌಂಟರಿನಲ್ಲೇ ನಿಂತು ನೋಡಿ, ಈಮೇಲ್‌ನಲ್ಲಿ ಬರುತ್ತೆ ಅಂತ ಸುಮ್ನೆ ಹೊರಡಬೇಡಿ. ಔಷಧಿ ಇಡಬೇಕಿದ್ದರೆ ಬೇರೆ ಖಾಲಿ ಫ್ರಿಜ್ ಸಿಗುತ್ತಾ ಅಂತ ಮೊದಲೇ ಕೇಳಿ. ಮೊಸರಿಗಾದರೆ ಮಹಡಿಯಲ್ಲಿರೋ ಮಶೀನಿಂದ ಬಕೆಟ್ಟಿನಲ್ಲಿ ಐಸ್ ತಂದುಕೊಳ್ಳಿ, ಅದಕ್ಕೆ ನಮ್ಮ ಹತ್ತಿರ ದುಡ್ಡು ಕೇಳಲಿಲ್ಲ.